ಹ್ಯಾಲೊವೀನ್ ರಾತ್ರಿ, ಅಮ್ಮ ಮತ್ತು ದೆವ್ವದ ಸಿನಿಮಾ

ಮೂರು ವರ್ಷದ ಹಿಂದೆ ಅಕ್ಟೋಬರ್ ಮೊದಲ ವಾರದಲ್ಲಿ ಅಮ್ಮ ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಬಂದಿಳಿದಳು. ಕಾರು ನಮ್ಮ ಬೀದಿಗೆ ತಿರುಗಿದ್ದೇ ತಡ, ಎದುರು ಮನೆಯ ಹುಲ್ಲುಹಾಸಿನ ಮೇಲೆ ಸಾಲಾಗಿ ನಿಂತ ಗೋರಿಕಲ್ಲು, ಮಣ್ಣಿನಿಂದ ಮೇಲೆದ್ದ ಕೈ, ಮರಕ್ಕೆ ನೇತುಹಾಕಿದ ಅಸ್ಥಿಪಂಜರ ನೋಡಿ ನನ್ನ ತೋಳು ಹಿಡಿದುಕೊಂಡಳು. "ಇದೇನೇ ಮಾರಾಯ್ತಿ, ಅಂಗಳದಲ್ಲೇ ಹೂತುಬಿಟ್ಟಿದಾರಲ್ಲ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಪ್ಪ ಹೋಗಿ ಆಗ ಒಂಬತ್ತು ತಿಂಗಳು. ಊರಲ್ಲಿ ಒಂಟಿ ಮನೆಯಲ್ಲಿ ಅಮ್ಮನಿಗೆ ನಿದ್ದೆಯಿಲ್ಲ, ಇಲ್ಲಿ ಬಂದು ನಾಲ್ಕು ತಿಂಗಳಿದ್ದರೆ ಸ್ವಲ್ಪ ಮರೆತಾಳು ಅಂತ ನಾನೇ ಹಟ ಮಾಡಿ ಕರೆಸಿದ್ದೆ. ಕರೆಸಿದ್ದು ನೋಡಿ ಯಾವ ತಿಂಗಳಿಗೆ! ಅಂಗಡಿಗೆ ಹೋದರೆ ತಲೆಬುರುಡೆ, ಲೈಬ್ರರಿಗೆ ಹೋದರೆ ತಲೆಬುರುಡೆ. ಹ್ಯಾಲೊವೀನ್ ಅಂದರೆ ಏನು ಅಂತ ವಿವರಿಸಿದೆ. ಹಳೇ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿನ ಹಬ್ಬ, ಆ ರಾತ್ರಿ ಸತ್ತವರು ಬಂದು ಹೋಗುತ್ತಾರೆ ಅಂತ ನಂಬಿಕೆ ಇತ್ತು, ಆಮೇಲೆ ಕ್ರೈಸ್ತರ ಸಂತರ ದಿನದ ಹಿಂದಿನ ಸಂಜೆಯಾಯಿತು, ಈಗ ಮಕ್ಕಳ ಮಿಠಾಯಿ ಹಬ್ಬ. ಅಮ್ಮ ಕೇಳಿಸಿಕೊಂಡು, "ಮಹಾಲಯ ಅಮಾವಾಸ್ಯೆ ಥರ ಅನ್ನು. ಎಡೆ ಇಡೋ ಬದಲು ಚಾಕ್ಲೇಟ್ ಕೊಡ್ತಾರೆ" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ವಿವರಿಸಲಾರೆ.

ನಮ್ಮ ಮನೆಯಲ್ಲಿ ಹ್ಯಾಲೊವೀನ್ ವಾರ ಅಂದರೆ ಹಾರರ್ ಸಿನಿಮಾ ವಾರ. ನನಗೆ ಕಾಲೇಜಿನಿಂದಲೂ ಆ ಹುಚ್ಚು. ಮಗಳಿಗೆ ಆಗ ಹದಿನಾಲ್ಕು, ಅವಳಿಗೂ ಹತ್ತಿಸಿದ್ದೇನೆ. ಆ ವರ್ಷ ಬೇಡ, ಮನೆಯಲ್ಲಿ ಅಜ್ಜಿ ಇದ್ದಾಳೆ, ಸಾವಿನ ಸಿನಿಮಾ ಹಾಕೋದು ಸರಿಯಲ್ಲ ಅಂತ ನಾನು ತೀರ್ಮಾನ ಮಾಡಿದ್ದೆ. ಮಗಳ ಮುಖ ಬಾಡಿತು. ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕೂರುತ್ತಿದ್ದಳು. ಒಂದು ರಾತ್ರಿ ಮಗಳು ನೀರು ಕುಡಿಯಲು ಇಳಿದವಳು ಅಜ್ಜಿಗೆ ಎಲ್ಲ ಒದರಿಬಿಟ್ಟಿದ್ದಾಳೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮ, "ನನಗೋಸ್ಕರ ಸಿನಿಮಾ ನಿಲ್ಲಿಸಿದ್ದೀಯಂತೆ? ಹಾಕು, ನಾನೂ ಕೂತ್ಕೋತೀನಿ. ಒಂದೇ ಷರತ್ತು, ಮಾತು ಕಡಿಮೆ ಇರಬೇಕು. ಆ ಇಂಗ್ಲಿಷು ನನ್ನ ತಲೆಗೆ ಹತ್ತೋದಿಲ್ಲ" ಅಂದಳು.

ಹಾಗಾಗಿ ನಮ್ಮ ಪಟ್ಟಿ ತಯಾರಾಗಿದ್ದು ಈ ಷರತ್ತಿನ ಮೇಲೆ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಮನೆಗಳಿಗೆ ಇದು ಉಪಯೋಗಕ್ಕೆ ಬಂದೀತು.

ಮಾತೇ ಇಲ್ಲದ್ದು ಅಂದರೆ ಮೂಕಿ ಚಿತ್ರ. ಜರ್ಮನಿಯ ಮುರ್ನೌ 1922ರಲ್ಲಿ ಮಾಡಿದ 'ನೋಸ್ಫೆರಾಟು'. ಒಂದೂವರೆ ಗಂಟೆ, ನಡುವೆ ಬರುವ ಬರಹದ ಫಲಕಗಳನ್ನು ಮಗಳು ತನ್ನ ಅರೆಬರೆ ಕನ್ನಡದಲ್ಲಿ ಅಜ್ಜಿಗೆ ಹೇಳಿದಳು. "ಅಜ್ಜಿ, ಅವನು ರಕ್ತ ತಿಂತಾನೆ." "ಕುಡಿತಾನೆ ಅನ್ನು ಪುಟ್ಟಾ." ಬೋಳುತಲೆ, ಇಲಿಯ ಹಲ್ಲು, ಉದ್ದ ಉಗುರಿನ ಕೌಂಟ್ ಓರ್ಲಾಕ್‌ನ ನೆರಳು ಗೋಡೆಯ ಮೇಲೆ ಮೆಟ್ಟಿಲು ಹತ್ತಿ ಹೋಗುವ ದೃಶ್ಯವಿದೆಯಲ್ಲ, ನೂರು ವರ್ಷ ದಾಟಿದರೂ ಅದನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಒಂದು ತೊಟ್ಟು ರಕ್ತ ಕಾಣಿಸದೆ, ಬರೀ ನೆರಳು.

ಆ ಚಿತ್ರದ ಹಿಂದಿನ ಕಥೆಯನ್ನೂ ಅಮ್ಮನಿಗೆ ಹೇಳಿದೆ. ಅದು ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿಯನ್ನೇ ಅನುಮತಿಯಿಲ್ಲದೆ, ಹೆಸರು ಬದಲಾಯಿಸಿ ತೆಗೆದದ್ದು. ಸ್ಟೋಕರ್ ಆಗಲೇ ತೀರಿಕೊಂಡಿದ್ದ. ಅವನ ಹೆಂಡತಿ ಕೋರ್ಟಿಗೆ ಹೋದಳು, ಗೆದ್ದಳು, ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ಆದೇಶವಾಯಿತು. ಅಲ್ಲಲ್ಲಿ ಉಳಿದುಕೊಂಡ ಕೆಲವು ಪ್ರತಿಗಳಿಂದಾಗಿ ಇವತ್ತು ನಾವು ನೋಡುತ್ತಿದ್ದೇವೆ. ನಾನು ಸಿನಿಮಾ ಉಳಿಯಿತಲ್ಲ ಅನ್ನುವ ಖುಷಿಯಲ್ಲಿ ಹೇಳಿದೆ. ಅಮ್ಮ ಮಾತ್ರ ಆ ಹೆಂಗಸಿನ ಕಡೆಗೇ ನಿಂತಳು. "ಸರಿಯಾಗೇ ಮಾಡಿದ್ಲು. ಗಂಡ ದುಡಿದಿದ್ದು ಅಲ್ವಾ ಅದು? ಅವನಿಲ್ಲ ಅಂತ ಯಾರು ಬೇಕಾದ್ರೂ ಎತ್ಕೊಂಡು ಹೋಗಬಹುದಾ?" ಅಪ್ಪನ ಪೆನ್ಶನ್ ಕಾಗದಗಳಿಗಾಗಿ ಅವಳು ಒಬ್ಬಳೇ ಒಂದು ಕಚೇರಿಗೆ ಏಳೆಂಟು ಸಲ ಅಲೆದದ್ದು ನನಗೆ ತಿಳಿದದ್ದು ಆ ರಾತ್ರಿಯೇ. ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ.

ಮರುದಿನ 'ಸೈಕೋ'. ಹಿಚ್‌ಕಾಕ್‌ನ 1960ರ ಚಿತ್ರ, ಕಪ್ಪು ಬಿಳುಪು. ಇದರಲ್ಲಿ ಮಾತಿದೆ, ಆದರೆ ಮುಖ್ಯವಾದದ್ದೆಲ್ಲ ಮಾತಿಲ್ಲದ ಜಾಗದಲ್ಲಿ ನಡೆಯುತ್ತದೆ. ಆ ಪ್ರಸಿದ್ಧ ಸ್ನಾನದ ಮನೆಯ ದೃಶ್ಯ ತೆರೆಯ ಮೇಲೆ ಒಂದು ನಿಮಿಷವೂ ಇಲ್ಲ, ಚಿತ್ರೀಕರಣಕ್ಕೆ ಒಂದು ವಾರ ಹಿಡಿದಿತ್ತು. ರಕ್ತ ಅಂತ ಹರಿದದ್ದು ಚಾಕ್ಲೇಟ್ ಸಿರಪ್. ಕಿವಿಗೆ ಚೂರಿ ಹಾಕಿದ ಹಾಗೆ ಕಿರುಚುವ ಆ ಸಂಗೀತ ಬರ್ನಾರ್ಡ್ ಹರ್ಮನ್‌ನದು, ಇಡೀ ಚಿತ್ರಕ್ಕೆ ಬರೀ ತಂತಿವಾದ್ಯ. ಮೊದಲು ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದನಂತೆ! ಅಮ್ಮ ಕೊಲೆಗೆ ಹೆದರಲಿಲ್ಲ. ಕೊಲೆಯಾದ ಮೇಲೆ ನಾರ್ಮನ್ ಒಂದೂ ಮಾತಾಡದೆ ನೆಲ ಒರೆಸಿ, ಗೋಡೆ ತೊಳೆದು, ಬಕೆಟ್ ಎತ್ತಿಕೊಂಡು ಹೋಗುತ್ತಾನಲ್ಲ, ಅದನ್ನು ಮೈಯೆಲ್ಲ ಕಣ್ಣಾಗಿ ನೋಡಿದಳು. "ಎಷ್ಟು ನೀಟಾಗಿ ಒರೆಸ್ತಾನೆ ನೋಡೇ. ನಿನ್ನ ಗಂಡನಿಗೂ ತೋರಿಸು."

ಸೈಕೋ ನೋಡಿದವರು ಅದರ ಹಿಂದೆಯೇ 'ಹ್ಯಾಲೊವೀನ್' ನೋಡಬೇಕು ಅನ್ನುವುದು ನನ್ನ ವಾದ. ಜಾನ್ ಕಾರ್ಪೆಂಟರ್ 1978ರಲ್ಲಿ ಮೂರು ಲಕ್ಷ ಡಾಲರ್ ಚಿಲ್ಲರೆಯಲ್ಲಿ ಮುಗಿಸಿದ ಚಿತ್ರ. ದುಡ್ಡಿಲ್ಲ ಅಂತ ಸಂಗೀತವನ್ನೂ ತಾನೇ ಮಾಡಿದ. ಕೊಲೆಗಾರನ ಆ ಭಾವವಿಲ್ಲದ ಬಿಳಿ ಮುಖವಾಡ ಏನು ಗೊತ್ತೇ? 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖವಾಡ. ಅಂಗಡಿಯಿಂದ ತಂದು, ಬಿಳಿ ಬಣ್ಣ ಬಳಿದು, ಕೂದಲು ಕೆದರಿದ್ದಷ್ಟೆ. ಕಥೆ ನಡೆಯುವುದು ಅಕ್ಟೋಬರ್ ಕೊನೆಯಲ್ಲಿ, ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಬಣ್ಣ ಹಚ್ಚಿದ ಎಲೆಗಳನ್ನು ಬೀದಿಯಲ್ಲಿ ಚೆಲ್ಲಿ, ದೃಶ್ಯ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಬೀದಿಗೆ ಹೋಗುತ್ತಿದ್ದರು. ಸೂಕ್ಷ್ಮವಾಗಿ ನೋಡಿದರೆ ಹಿಂದಿನ ಮರಗಳೆಲ್ಲ ಹಸಿರಾಗಿಯೇ ಇವೆ.

ಆದರೆ ನಾನು ಅಮ್ಮ ಮಗಳು ಇಬ್ಬರನ್ನೂ ಕೂರಿಸಿಕೊಂಡು ಹೇಳಬೇಕೆಂದಿದ್ದ ಸಂಗತಿ ಬೇರೆ. 'ಹ್ಯಾಲೊವೀನ್'ನ ನಾಯಕಿ ಜೇಮಿ ಲೀ ಕರ್ಟಿಸ್, 'ಸೈಕೋ'ದ ಸ್ನಾನದ ಮನೆಯಲ್ಲಿ ಕಿರುಚಿದ ಜಾನೆಟ್ ಲೀಯ ಮಗಳು. ಹದಿನೆಂಟು ವರ್ಷದ ಅಂತರದಲ್ಲಿ ತಾಯಿ ಕಿರುಚಿದ ಮೇಲೆ ಮಗಳು ಕಿರುಚಿದ್ದಾಳೆ. ತಾಯಿಯ ಚಿತ್ರದಲ್ಲಿದ್ದ ಲೂಮಿಸ್ ಅನ್ನುವ ಹೆಸರನ್ನು ಮಗಳ ಚಿತ್ರದ ಡಾಕ್ಟರಿಗೆ ಇಟ್ಟಿದ್ದಾರೆ. 1998ರಲ್ಲಿ ಇದೇ ಸರಣಿಯ ಇನ್ನೊಂದು ಚಿತ್ರದಲ್ಲಿ ತಾಯಿ ಮಗಳು ಒಟ್ಟಿಗೆ ಬಂದರು. ಅದರಲ್ಲಿ ಜಾನೆಟ್ ಲೀ ಓಡಿಸಿಕೊಂಡು ಹೋಗುವುದು 'ಸೈಕೋ'ದಲ್ಲಿದ್ದಂಥದೇ ಹಳೇ ಫೋರ್ಡ್ ಕಾರು. ಮಗಳು ಕೂಡಲೇ, "ಹಾಗಾದ್ರೆ ನೆಕ್ಸ್ಟ್ ನಾನು ಕಿರುಚಬೇಕು" ಅಂದಳು. ಅಮ್ಮ, "ನಮ್ಮನೇಲಿ ಮೂರು ತಲೆಮಾರೂ ಕಿರುಚೋರೇ, ಕ್ಯಾಮೆರಾ ಇಲ್ಲ ಅಷ್ಟೇ" ಅಂದಳು. 'ಹ್ಯಾಲೊವೀನ್' ಚಿಕ್ಕ ಮಕ್ಕಳಿಗೆ ಬೇಡ. ನನ್ನ ಮಗಳಿಗೂ ಎರಡು ಕಡೆ ಓಡಿಸಿ ತೋರಿಸಿದೆ.

ಈ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಅವಳಿಗೆ ಹನ್ನೊಂದಿದ್ದಾಗ ನಾನು 1973ರ 'ಎಕ್ಸಾರ್ಸಿಸ್ಟ್' ನೋಡುತ್ತಾ ಕೂತಿದ್ದೆ, ಇವಳು ಮೆಟ್ಟಿಲ ಮೇಲಿಂದ ಇಣುಕಿ ನೋಡಿಬಿಟ್ಟಿದ್ದಳು. ಎರಡು ತಿಂಗಳು ನಮ್ಮಿಬ್ಬರ ನಡುವೆ ಮಲಗಿದಳು. ಅದು ದೊಡ್ಡ ಚಿತ್ರ ನಿಜ, ಆದರೆ ಮನೆಯಲ್ಲಿ ಮಕ್ಕಳಿದ್ದರೆ ಹೆಡ್‌ಫೋನ್ ಹಾಕಿಕೊಂಡೂ ನೋಡಬೇಡಿ. ಎಂಟು ಹತ್ತು ವರ್ಷದವರಿಗೆ 2009ರ 'ಕೊರಲೈನ್' ಸಾಕು. ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ಇನ್ನೊಬ್ಬ ಅಮ್ಮ ಬರುತ್ತಾಳೆ, ಅಷ್ಟೇ ಅವರಿಗೆ ಧಾರಾಳವಾಯಿತು. ಕಾಲೇಜು ಮಕ್ಕಳಿದ್ದರೆ 'ಗೆಟ್ ಔಟ್' ಹಾಕಿ. ಅದಕ್ಕೆ ಕಥೆ ಬರೆದ ಜೋರ್ಡಾನ್ ಪೀಲ್‌ಗೆ ಆಸ್ಕರ್ ಬಂತು. ನಗುನಗುತ್ತಾ ಉಪಚಾರ ಮಾಡುವ ಬಿಳಿಯರ ಮನೆಯಲ್ಲಿ ಕರಿಯ ಹುಡುಗನಿಗೆ ಯಾಕೆ ಬೆವರುತ್ತದೆ ಅಂತ ಈ ದೇಶದಲ್ಲಿ ಬದುಕುವ ನಮಗೂ ಸ್ವಲ್ಪ ಅರ್ಥವಾಗುತ್ತದೆ.

ಅಮ್ಮನ ಷರತ್ತಿಗೆ ಹೊಸ ಸಿನಿಮಾಗಳಲ್ಲಿ ಸರಿಹೊಂದಿದ್ದು 2018ರ 'ಎ ಕ್ವಯಟ್ ಪ್ಲೇಸ್'. ಸದ್ದು ಮಾಡಿದರೆ ಸಾಯುತ್ತೀರಿ, ಹಾಗಾಗಿ ಮನೆಮಂದಿಯೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಕಿವಿ ಕೇಳದ ಮಗಳ ಪಾತ್ರ ಮಾಡಿದ ಹುಡುಗಿಗೆ ನಿಜವಾಗಿಯೂ ಕಿವಿ ಕೇಳುವುದಿಲ್ಲ. ಆ ಒಂದೂವರೆ ಗಂಟೆ ನಮ್ಮ ಮನೆಯಲ್ಲಿ ಯಾರೂ ಚಕ್ಕುಲಿ ಕಡಿಯಲಿಲ್ಲ.

ಕೊನೆಯ ರಾತ್ರಿ, ಅಂದರೆ ಹ್ಯಾಲೊವೀನ್ ದಿನವೇ, ಮಗಳು 'ದಿ ಅದರ್ಸ್' ಹಾಕೋಣ ಅಂದಳು. ನಾನು ಬೇಡ ಅಂದೆ. 2001ರ ಚಿತ್ರ, ನಿಕೋಲ್ ಕಿಡ್ಮನ್ ನಾಯಕಿ, ಮಾತು ಜಾಸ್ತಿ. ನೆಪ ಅದು. ನಿಜವಾದ ಕಾರಣ, ಅದರಲ್ಲಿ ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಪರದೆ ಎಳೆದ ದೊಡ್ಡ ಮನೆಯಲ್ಲಿ ಇಬ್ಬರು ಮಕ್ಕಳನ್ನಿಟ್ಟುಕೊಂಡು, ಬಾರದ ಗಂಡನಿಗೆ ಕಾಯುವ ಹೆಂಗಸಿದ್ದಾಳೆ. ಕಥೆ ನಡೆಯುವುದು ಜೆರ್ಸಿ ದ್ವೀಪದಲ್ಲಿ, ನಮ್ಮ ನ್ಯೂಜೆರ್ಸಿಗೆ ಹೆಸರು ಕೊಟ್ಟ ಅಸಲಿ ಜೆರ್ಸಿ. ಮಗಳು ಕೇಳಲಿಲ್ಲ, ಅಜ್ಜಿಯ ಕಿವಿಯ ಹತ್ತಿರ ಕೂತು ಪಿಸುಪಿಸು ಅನುವಾದ ಮಾಡುತ್ತಾ ಹಾಕಿಯೇಬಿಟ್ಟಳು. ಕೊನೆ ಹೇಳುವುದಿಲ್ಲ, ನೋಡದವರು ನೋಡಿ. ನಡುವೆ ಒಂದು ಕಡೆ ದಟ್ಟ ಮಂಜಿನಿಂದ ಅವಳ ಗಂಡ ನಡೆದು ಬರುತ್ತಾನೆ. ಬಂದವನು ನಿಲ್ಲುವುದಿಲ್ಲ.

ನಾನು ತೆರೆ ನೋಡಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದಿನಕ್ಕಾದ್ರೂ ಬಂದ್ನಲ್ಲ" ಅಂದಳು. ಆಮೇಲೆ, ಮೊದಲ ಸಲ ಅನ್ನಬೇಕು, ತಾನಾಗಿ ಅಪ್ಪನ ವಿಷಯ ತೆಗೆದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಅನಂತನಾಗ್, ಲಕ್ಷ್ಮಿಯವರ 'ನಾ ನಿನ್ನ ಬಿಡಲಾರೆ' ನೋಡಲು ಹೋಗಿದ್ದರಂತೆ. ಸೆಕೆಂಡ್ ಶೋ. "ನಾನು ಹೆದರಿ ಅವರ ಕೈ ಹಿಡ್ಕೊಂಡೆ ಅಂತ ನಿಮಗೆಲ್ಲ ಹೇಳ್ತಿದ್ರಲ್ಲ? ಸುಳ್ಳು. ಹಿಡ್ಕೊಂಡಿದ್ದು ಅವರು. ಮನೆ ಬರೋ ತನಕ ಬಿಡಲಿಲ್ಲ. ರಾತ್ರಿ ಬಚ್ಚಲುಮನೆಗೆ ಹೋಗೋಕೂ ನನ್ನನ್ನ ಎಬ್ಬಿಸಿದ್ರು." ನಲವತ್ತು ವರ್ಷ ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಮಗಳು ಸೋಫಾದಿಂದ ಉರುಳಿ ನಕ್ಕಳು. ಅಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಆ ರಾತ್ರಿ ಅವಳು ಆರು ಗಂಟೆಯ ತನಕ ಮಲಗಿದ್ದಳು ಅಂತ ಬರೆದರೆ ಸಿನಿಮಾ ಕಥೆಯಂತಾಗುತ್ತದೆ. ಎರಡಕ್ಕೆ ಎದ್ದಳು. ನಾನೂ ಎದ್ದು ಹೋದೆ, ಕೂತು ಮಾತಾಡಿದೆವು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆ ಬಾಗಿಲಿಗೆ ದೆವ್ವಕ್ಕೆ ಹೆದರಿ 'ನಾಳೆ ಬಾ' ಅಂತ ಬರೆದಿದ್ದು ನೆನಪಾಯಿತು. "ಇಲ್ಲಿಯವರು ಬಾಗಿಲು ತೆಗೆದು ಇವತ್ತೇ ಬಾ ಅಂತಾರೆ" ಅಂದಳು ಅಮ್ಮ.

ಕನ್ನಡದಲ್ಲಿ ನೋಡಬೇಕೆನ್ನುವವರಿಗೆ ನನ್ನ ಮೊದಲ ಆಯ್ಕೆ 2004ರ 'ಆಪ್ತಮಿತ್ರ'ವೇ. ಅದು ತೆರೆಗೆ ಬರುವ ಹೊತ್ತಿಗೆ ಸೌಂದರ್ಯ ಇರಲಿಲ್ಲ, ಅದು ಗೊತ್ತಿದ್ದು ಆ ಕಣ್ಣುಗಳನ್ನು ನೋಡುವುದು ಕಷ್ಟ.

ಅಮ್ಮ ಈಗ ಶಿವಮೊಗ್ಗದಲ್ಲಿದ್ದಾಳೆ. ಹ್ಯಾಲೊವೀನ್ ಸಿನಿಮಾ ಮಾತ್ರ ನಿಂತಿಲ್ಲ. ನಮ್ಮ ರಾತ್ರಿ ಎಂಟು ಗಂಟೆಗೆ ಅಲ್ಲಿ ಬೆಳಿಗ್ಗೆ ಐದೂವರೆ, ರಾಜ್ಯೋತ್ಸವದ ದಿನ. ಅವಳು ಫಿಲ್ಟರ್ ಕಾಫಿ ಹಿಡಿದು ಟ್ಯಾಬ್ ಮುಂದೆ, ನಾವು ಪಾಪ್‌ಕಾರ್ನ್ ಹಿಡಿದು ಟಿವಿ ಮುಂದೆ, ಫೋನು ಸ್ಪೀಕರಿನಲ್ಲಿ. ಈ ಸಲ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಅಂತ ತೀರ್ಮಾನವಾಗಿದೆ. ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ ಅದು ಸಾರ್ವಜನಿಕರ ಸೊತ್ತಾಗಿಬಿಟ್ಟಿದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಬೆಳಿಗ್ಗೆ ಎದ್ದು ಹೆಣಗಳನ್ನು ನೋಡುವುದು ಅಮ್ಮನಿಗೆ ಕಷ್ಟವಾದೀತೇ ಅಂತ ಕೇಳಿದೆ.

"ಐದೂವರೆಗೆ ಏನೇ ಭಯ? ದೆವ್ವ ಎಲ್ಲ ಡ್ಯೂಟಿ ಮುಗಿಸಿ ಮನೆಗೆ ಹೋಗೋ ಹೊತ್ತು" ಅಂದಳು.