ನೊಣದ ಋಣ

ಜಯನಗರದ ನಮ್ಮ ಮನೆಯಲ್ಲಿ ಏಲಕ್ಕಿ ಬಾಳೆಯ ಚಿಪ್ಪು ಕೊಂಚ ಕಳಿತರೆ ಸಾಕು, ಸಾಸಿವೆಯಷ್ಟೇ ದಪ್ಪದ, ಕೆಂಗಣ್ಣಿನ ಹಣ್ಣುನೊಣಗಳು ಕರೆಯದ ನೆಂಟರಂತೆ ಬಂದಿಳಿಯುತ್ತವೆ. ವೃತ್ತಪತ್ರಿಕೆಯನ್ನು ಸುರುಳಿ ಸುತ್ತಿ ಅವನ್ನು ಸಂಹರಿಸುವ ಅಧಿಕಾರವನ್ನು ನನ್ನ ಮನೆಯಾಕೆ ನನಗೆ ವಹಿಸಿದ್ದಳು. ಕನ್ನಡ ಎಂ.ಎ. ಮಾಡಿದ ಅಧ್ಯಾಪಕನಿಗೆ ಮನೆಯಲ್ಲಿ ದೊರೆತ ಏಕೈಕ ಅಧಿಕಾರವದು. ಈಚೆಗೆ ಅದಕ್ಕೂ ರಾಜೀನಾಮೆ ಕೊಟ್ಟಿದ್ದೇನೆ. ಕಾರಣ, ನನ್ನ ಮಗಳು.

ಹುಟ್ಟಿದಾಗ ಅವಳ ಕಣ್ಪಾಪೆಯ ಸುತ್ತ ಇರಬೇಕಾದ ಬಣ್ಣದ ಪರದೆಯೇ ಇರಲಿಲ್ಲ. ಬೆಳಕು ಕಂಡರೆ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುವಳು. ಬಸುರಿಯಾಗಿದ್ದಾಗ ತಾಯಿ ಗ್ರಹಣದ ದಿನ ಅಂಗಳಕ್ಕೆ ಇಳಿದದ್ದೇ ಇದಕ್ಕೆ ಕಾರಣವೆಂದು ಬಂಧುಗಳು ತೀರ್ಪಿತ್ತರು. ಅವಳು ಮರುಮಾತಾಡಲಿಲ್ಲ, ಬಚ್ಚಲುಮನೆಯಲ್ಲಿ ಅತ್ತಳು. ನಾನೂ ಸುಮ್ಮನಿದ್ದೆ. ಆ ಮೌನಕ್ಕೆ ಇಂದಿಗೂ ನಾಚುತ್ತೇನೆ.

ಪರೀಕ್ಷೆ ಮಾಡಿಸಿದ ವೈದ್ಯರು ಪ್ಯಾಕ್ಸ್-6 ಎಂಬ ಜೀನಿನ ಹೆಸರು ಹೇಳಿದರು. “ಇದು ನೊಣದಲ್ಲೂ ಇದೆ, ಮೇಷ್ಟ್ರೇ. 1995ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರಿಂಗ್ ಅವರ ತಂಡದವರು ಇಲಿಯ ಈ ಜೀನನ್ನು ನೊಣದಲ್ಲಿ ಎಚ್ಚರಿಸಿದಾಗ, ಕಣ್ಣಿರಬಾರದ ಕಡೆ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ್ದೇ!”

ವಾಚಕರೇ, ನಮಗೂ ನೊಣಕ್ಕೂ ಸಮಾನನಾದ ಮೂಲಪುರುಷ ಬಾಳಿದ್ದು 50 ಕೋಟಿ ವರ್ಷಗಳಿಗೂ ಹಿಂದೆ. ನೊಣದ ನರಹುರಿ ಹೊಟ್ಟೆಯ ಕಡೆ, ನಮ್ಮದು ಬೆನ್ನಿನ ಕಡೆ. ಅದು ಎಲ್ಲಿ ಮೂಡಬೇಕೆಂದು ವಿಧಿಸುವ ಜೀನುಗಳು ಮಾತ್ರ ಒಂದೇ ಮನೆತನದವು. ಅದೇ ವರ್ಣಮಾಲೆಯಲ್ಲಿ ಪಂಪ ಕಾವ್ಯ ಬರೆದ, ನಾವು ಹಾಲಿನ ಲೆಕ್ಕ ಬರೆಯುತ್ತೇವೆ. ವ್ಯತ್ಯಾಸವಿರುವುದು ಬಹುಮಟ್ಟಿಗೆ ಯಾವ ಜೀನನ್ನು ಎಲ್ಲಿ, ಯಾವಾಗ, ಎಷ್ಟು ಓದಬೇಕೆಂಬ ಕಟ್ಟಳೆಯಲ್ಲಿ. ಕಣ್ಣು ಕಟ್ಟುವ ಪ್ಯಾಕ್ಸ್-6 ಮಿದುಳನ್ನು ಕಟ್ಟುವಾಗಲೂ ಕೈಗೂಡಿಸುತ್ತದೆ. ನನ್ನ ಮಗಳಲ್ಲಿ ಆ ಜೀನಿನ ಬರಹ ಸರಿಯಾಗಿಯೇ ಇತ್ತು. ದೂರದಲ್ಲಿದ್ದುಕೊಂಡು ‘ಈಗ ಓದು’ ಎನ್ನುವ ತುಣುಕೊಂದು ಕಳಚಿಹೋಗಿತ್ತು. ಅದು ಯಾರ ತಪ್ಪೂ ಅಲ್ಲ. ಗ್ರಹಣದ್ದಂತೂ ಅಲ್ಲವೇ ಅಲ್ಲ.

ನಮ್ಮೂರಿನ ಉತ್ತರ ದಿಕ್ಕಿನಲ್ಲಿ ಒಬೈದ್ ಸಿದ್ದೀಕಿಯವರು ಕಟ್ಟಿ ಬೆಳೆಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಇದೇ ನೊಣಗಳನ್ನು ಸಾಕಿ, ಅವುಗಳ ನರಗಳು ಬೆಳೆಯುವ ಬಗೆಯನ್ನು ದಶಕಗಳಿಂದ ಅಭ್ಯಸಿಸುತ್ತಿದ್ದಾರೆ. ಅಲ್ಲಿ ಸಾಕುವುದನ್ನು ನಾನಿಲ್ಲಿ ಬಡಿಯುತ್ತಿದ್ದೆ!

ಮಗಳ ಕಣ್ಣಿನ ಪರದೆ ಮರಳಿ ಬರಲಿಲ್ಲ. ಆದರೆ ಅವಳ ತಾಯಿಯ ತಲೆಯ ಮೇಲಿನ ಅಪವಾದ ಇಳಿಯಿತು. ಬಂಧುಗಳೆದುರು ಈ ಸಲ ನಾನೇ ಬಾಯಿಬಿಟ್ಟೆ.

ನಿನ್ನೆ ಮಗಳು ಭೂತಗನ್ನಡಿ ಹಿಡಿದು ಬಾಳೆಹಣ್ಣಿನ ಮೇಲೆ ಬಾಗಿದ್ದಳು. “ಅಪ್ಪ, ಹೊಡೀಬೇಡ. ಇದಕ್ಕೆ ಎಷ್ಟು ಚೆನ್ನಾದ ಕೆಂಪು ಕಣ್ಣು!”

ನಾನು ಪತ್ರಿಕೆಯ ಸುರುಳಿಯನ್ನು ಬಿಚ್ಚಿ ಓದುತ್ತ ಕುಳಿತೆ.