ಮುಚ್ಚಿಟ್ಟ ನೋವು



ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ನಮ್ಮಂಥವರಿಗೆ ನೆಲದ ಮೇಲೆ ಕಾಲು ಮಡಿಚಿ ಕುಳಿತುಕೊಳ್ಳುವುದು ಕಷ್ಟವೆಂದು ಎಂದೂ ತೋರಿದ್ದಿಲ್ಲ. ಕಳೆದ ವರ್ಷ ಲಂಡನ್ನಿನಲ್ಲಿರುವ ಮಗಳ ಮನೆಯಲ್ಲಿದ್ದಾಗ ಆ ಸುಖ ನನಗೆ ತಪ್ಪಿತು. ಇಷ್ಟಲಿಂಗಪೂಜೆಗೆ ಕುಳಿತು ಐದು ನಿಮಿಷವಾಗುವಷ್ಟರಲ್ಲಿ ಬೆನ್ನು ಸೀಳಿದಂತಾಗುತ್ತಿತ್ತು. ಇದನ್ನು ಕಂಡ ಮಗಳು ಆಸ್ಟಿಯೋಪಥಿ ಚಿಕಿತ್ಸಕರೊಬ್ಬರ ಭೇಟಿಗೆ ದಿನ ಗೊತ್ತುಮಾಡಿದಳು.

ಈ ಪದ್ಧತಿ ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಪ್ರತಿಪಾದಿಸಿದನು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ವಿದ್ಯಾಲಯ ತೆರೆಯಿತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ, ಒತ್ತಿ, ನೀವಿ, ಎಳೆದು ಉಪಚರಿಸುವುದು ಇದರ ಕ್ರಮ. ಅಮೆರಿಕದಲ್ಲಿ ಇದನ್ನು ಕಲಿತವರು ಪೂರ್ಣ ವೈದ್ಯರೇ ಆಗಿರುತ್ತಾರೆ. ಬ್ರಿಟನ್ನಿನಲ್ಲಿ ಇದೊಂದು ಬೇರೆಯೇ ವೃತ್ತಿ. 1993ರ ಕಾಯಿದೆಯ ಮೇರೆಗೆ ನೋಂದಣಿಯಾಗದವರು ಅಲ್ಲಿ ಆ ಹೆಸರನ್ನು ಬಳಸುವಂತಿಲ್ಲ. ಆದಕಾರಣ ಮಗಳು ಮೊದಲು ನೋಂದಣಿಪಟ್ಟಿಯನ್ನು ನೋಡಿದಳು.

ಹಿಂದಿನ ರಾತ್ರಿ ನನ್ನನ್ನು ಕಾಡಿದ್ದು ಬೇರೆಯೇ ಚಿಂತೆ. ಅಂಗಿ ಕಳಚಬೇಕಾದೀತು, ಕೊರಳಲ್ಲಿರುವ ಲಿಂಗದ ಗತಿಯೇನು?

“ಅಪ್ಪಾಜಿ, ನಿಮ್ಮ ಒಪ್ಪಿಗೆಯಿಲ್ಲದೆ ಅವರು ನಿಮ್ಮನ್ನು ಮುಟ್ಟುವಂತಿಲ್ಲ. ಲಿಂಗವನ್ನು ತೆಗೆಯುವುದಿಲ್ಲವೆಂದು ಮೊದಲೇ ಹೇಳಿಬಿಡಿ. ನಾನೂ ಒಳಗೆ ಇರುತ್ತೇನೆ” ಎಂದಳು ಮಗಳು. ಸಡಿಲವಾದ ಉಡುಪನ್ನು ತೆಗೆದಿರಿಸಿ, ಹಾಳೆ ಹಿಡಿದು ಕುಳಿತಳು. ನೋವು ಎಂದು ಆರಂಭವಾಯಿತು, ಯಾವುದರಿಂದ ಹೆಚ್ಚುತ್ತದೆ, ಹಿಂದಿನ ಶಸ್ತ್ರಚಿಕಿತ್ಸೆಗಳು ಯಾವುವು ಎಂದು ಒಂದೊಂದಾಗಿ ಬರೆದುಕೊಂಡಳು. ಉಬ್ಬಸಕ್ಕಾಗಿ ನಾನು ಹಲವು ವರ್ಷ ಸ್ಟೀರಾಯ್ಡ್ ಮಾತ್ರೆ ನುಂಗಿದ್ದನ್ನೂ ಬರೆದಳು. ಆ ಮಾತ್ರೆ ಎಲುಬನ್ನು ಸವೆಸುತ್ತದೆಂಬುದನ್ನು ನಾನು ಅರಿತದ್ದು ಆಗಲೇ.

“ಎಂದಾದರೂ ಬಿದ್ದದ್ದುಂಟೇ?” ಎಂದು ಕೇಳಿದಳು.

ನಾನು ಸುಮ್ಮನಾದೆ. ಊರಿನಿಂದ ಹೊರಡುವ ಎರಡು ವಾರ ಮೊದಲು ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದೆ. ತಿಳಿದರೆ ಒಂಟಿಯಾಗಿ ಊರಲ್ಲಿರಲು ಬಿಡುವುದಿಲ್ಲವೆಂಬ ಅಂಜಿಕೆಯಿಂದ ಮುಚ್ಚಿಟ್ಟಿದ್ದೆ. ಅಂದು ರಾತ್ರಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ತಲೆ ತಗ್ಗಿಸಿ ಅದನ್ನೂ ಬರೆದಳು.

ಮರುದಿನ ಚಿಕಿತ್ಸಕರು ಆ ಹಾಳೆಯನ್ನು ಎರಡು ಸಲ ಓದಿದರು. “ಯಾವ ಕೆಲಸ ಮಾಡಲು ನಿಮಗೆ ಮತ್ತೆ ಸಾಧ್ಯವಾಗಬೇಕು?” ಎಂದು ಕೇಳಿದರು. ಪೂಜೆಗೆ ಕೂಡಬೇಕು ಎಂದೆ. ಲಿಂಗವನ್ನು ತೆಗೆಯಲು ಹೇಳಲಿಲ್ಲ. ಮೃದುವಾಗಿ ಪರೀಕ್ಷಿಸಿ, ಬೆನ್ನನ್ನು ಒತ್ತದೆಯೇ, ಮೊದಲು ವೈದ್ಯರನ್ನು ಕಂಡು ಎಕ್ಸ್‌ರೇ ತೆಗೆಸಬೇಕೆಂದು ಪತ್ರ ಬರೆದುಕೊಟ್ಟರು. ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಒಂದು ಮಣಿ ಕುಸಿದಿರುವುದು ಕಂಡಿತು. ನಾನು ಬಿದ್ದುದನ್ನು ಮರೆಮಾಚಿ, ಅವರು ಬಲವಾಗಿ ಒತ್ತಿದ್ದರೆ ಏನಾಗುತ್ತಿತ್ತೋ!

ವಾಚಕರೇ, ನಿಮ್ಮಲ್ಲಿ ಅನೇಕರು ನನ್ನ ವಯಸ್ಸಿನವರು. ಯಾವ ಚಿಕಿತ್ಸಕರಲ್ಲಿಗೆ ಹೋದರೂ ಔಷಧಿಗಳ ಪಟ್ಟಿಯನ್ನು ಒಯ್ಯಿರಿ. ಬಿದ್ದದ್ದನ್ನು ನಾಚದೆ ಹೇಳಿರಿ. ಬೆನ್ನುನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಗಳ ಸಂದಿ ಜೋಮು ಹಿಡಿದರೆ, ಕಾಲುಗಳ ಬಲ ಕುಗ್ಗಿದರೆ ಯಾವ ಭೇಟಿಗೂ ಕಾಯದೆ ಆಸ್ಪತ್ರೆಗೆ ಧಾವಿಸಿರಿ.

ಈಗ ನಾನು ಊರಿನಲ್ಲಿಯೇ ಇದ್ದೇನೆ. ಪೂಜೆಗೆ ಕುರ್ಚಿಯ ಮೇಲೆ ಕೂಡುತ್ತೇನೆ. ಪ್ರತಿ ಸಂಜೆ ಮಗಳು ದೂರವಾಣಿಯಲ್ಲಿ ಕೇಳುತ್ತಾಳೆ. ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ.