ಜಾರುಬೆನ್ನು

ಕಾರಿನ ಅಂದವೆಲ್ಲ ಮುಖದಲ್ಲಿದೆ ಅನ್ನುವವರೊಡನೆ ನನ್ನ ಜಗಳವಿಲ್ಲ. ನನ್ನ ಕಣ್ಣು ಮಾತ್ರ ಮೊದಲು ಬೆನ್ನಿಗೆ ಹೋಗುತ್ತದೆ. ಹುಬ್ಬಳ್ಳಿ ಕಡೆಯ ಸಂಶಿಯ ಎರೆಹೊಲಗಳ ನಡುವೆ ನಿಂತರೆ ನೋಟ ಎಲ್ಲಿಯೂ ಮುಗ್ಗರಿಸದೆ ಬಾನಂಚಿನವರೆಗೆ ಸಾಗುತ್ತದೆ. ಇಂಥ ಉದ್ದಗೆರೆಗೆ ಒಗ್ಗಿದ ಕಣ್ಣಿಗೆ, ಕಾರಿನ ಟಾಪು ಹಿಂದೆ ಗಕ್ಕನೆ ಮುರಿದು, ಗಾಜಾಗಿ ಇಳಿದು, ಮತ್ತೆ ಡಿಕ್ಕಿಯಾಗಿ ಮಲಗುವುದು ಏಕೋ ಸಮಾಧಾನ ಕೊಡುವುದಿಲ್ಲ.

ಫೋರ್ಡ್ ಕಂಪನಿ 1964ರ ಏಪ್ರಿಲ್ 17ರಂದು ಮಸ್ಟ್ಯಾಂಗ್ ಹೊರತಂದಾಗ ಅದಕ್ಕಿದ್ದುದು ಎರಡೇ ರೂಪ: ಮೆಟ್ಟಿಲುಬೆನ್ನಿನ ಕೂಪೆ, ಟಾಪು ಮಡಚುವ ಇನ್ನೊಂದು. ಟಾಪಿನಿಂದ ಬಾಲದವರೆಗೆ ಒಂದೇ ಇಳಿಜಾರಾದ ಫಾಸ್ಟ್‌ಬ್ಯಾಕ್ ಬಂದದ್ದು ಕೆಲವು ತಿಂಗಳ ಮೇಲೆ. ಮೊದಲ ಮಾದರಿವರ್ಷದಲ್ಲಿ ಕೂಪೆಗಳು ಐದು ಲಕ್ಷ ತಯಾರಾದರೆ ಜಾರುಬೆನ್ನಿನವು 77,079. ಇಂದು ಜನ ಹಂಬಲಿಸುವುದು ಆ ಕಡಿಮೆಯವಕ್ಕೇ. ಹಾಗಾಗಿ ಕೂಪೆಯ ಟಾಪು ಕೊಯ್ದು ಫಾಸ್ಟ್‌ಬ್ಯಾಕ್ ಮಾಡುವ ಕುಶಲಿಗರು ಹುಟ್ಟಿಕೊಂಡರು.

ಕೊಯ್ಯುವುದೆಂದರೆ ಸುಮ್ಮನಲ್ಲ. ಮಸ್ಟ್ಯಾಂಗಿಗೆ ಲಾರಿಯ ಹಾಗೆ ಬೇರೆ ಚಾಸಿಯಿಲ್ಲ, ಬಾಡಿಯೇ ಭಾರ ಹೊರುತ್ತದೆ. ಟಾಪು ತೆಗೆದರೆ ನಡು ಕುಸಿದೀತು. ಅದಕ್ಕೇ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಪೈಪು ಬೆಸೆದು ಬಿಗಿಮಾಡುತ್ತಾರೆ. ಆಮೇಲೆ ಸ್ಪಾಟ್ ವೆಲ್ಡಿಂಗಿನ ಒಂದೊಂದು ಚುಕ್ಕೆಯನ್ನೂ ಡ್ರಿಲ್ಲಿನಿಂದ ಬಿಡಿಸಬೇಕು. ಹೊಸ ತಗಡನ್ನು ಕ್ಲಾಂಪಿನಲ್ಲಿ ಹಿಡಿಸಿ, ಬಾಗಿಲು ಹಾಕಿ, ಸಂದು ಮೇಲಿಂದ ಕೆಳತನಕ ಒಂದೇ ಅಗಲವಿದೆಯೋ ನೋಡಬೇಕು. ಇರುವುದಿಲ್ಲ! ಬಿಚ್ಚಿ, ಸರಿಸಿ, ಮತ್ತೆ ಹಾಕಬೇಕು. ವೆಲ್ಡಿಂಗನ್ನು ಒಂದೇ ಎಳೆತಕ್ಕೆ ಎಳೆದರೆ ತಗಡು ಕಾದು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು, ನಡುವೆ ಆರುವ ತನಕ ಸುಮ್ಮನೆ ಕೂರುವ ಸುಖ. ಕಡೆಗೆ ಅಂಗೈಯ ಪರೀಕ್ಷೆ. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಡೆಂಟಿಂಗಿನ ಹಿರಿಯರೊಬ್ಬರು ಹಳೇ ಬನಿಯನ್ನಿನ ತುಂಡು ಹಿಡಿದು, ಕಣ್ಣು ಮುಚ್ಚಿ, ಅಂಬಾಸಿಡರಿನ ಮಡ್‌ಗಾರ್ಡು ಸವರುತ್ತಿದ್ದುದನ್ನು ಕಂಡಿದ್ದೇನೆ. ನನಗೆ ನುಣುಪೆನಿಸಿದ ಕಡೆ ಅವರ ಕೈ ನಿಂತಿತು. ಅಲ್ಲಿ ಸೀಮೆಸುಣ್ಣದ ಗೆರೆ ಬಿತ್ತು.

ಆ ಸವರುವ ಕೈ ನನಗೆ ನೆನಪಿಸುವುದು ಸಂಗೀತವನ್ನು. ಸಂಶಿಯಿಂದ ಹುಬ್ಬಳ್ಳಿ ಕಡೆಗೆ ಮುಂದಿನ ಸ್ಟೇಶನ್ನು ಕುಂದಗೋಳ. ಅಬ್ದುಲ್ ಕರೀಂ ಖಾನರಲ್ಲಿ ಹಾಡಿಕೆ ಕಲಿತ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಪಾಠ ಹೇಳಿಸಿಕೊಂಡದ್ದು ಅಲ್ಲಿಯೇ. ಅವರ ಕಿರಾಣಾ ಘರಾನೆಯ ಹಾಡಿಕೆಯಲ್ಲಿ ಸ್ವರದಿಂದ ಸ್ವರಕ್ಕೆ ಹಾರುವ ಅವಸರವಿಲ್ಲ, ಮೀಂಡಿನಲ್ಲಿ ನಿಧಾನ ಜಾರುವುದಿದೆ. ಫಾಸ್ಟ್‌ಬ್ಯಾಕ್ ನನಗೆ ತಗಡಿನಲ್ಲಿ ಎಳೆದ ಮೀಂಡ್. ಡೆಂಟಿಂಗಿನ ಆ ಹಿರಿಯರ ಕೈ ಹಿಡಿದದ್ದು ಅಪಸ್ವರವನ್ನು.

ಇಷ್ಟೆಲ್ಲ ಮಾಡಿ ಸಿಗುವ ಲಾಭವೇನು? ಹಿಂದೆ ಕೂತವರ ತಲೆಗೆ ಜಾಗ ಕಡಿಮೆ, ಡಿಕ್ಕಿಯ ಮುಚ್ಚಳ ಕಿರಿದು. ಆಗಲಿ. ಗೆರೆ ಉಳಿಯಿತಲ್ಲ!

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಮನಸ್ಸಿನ ಗ್ಯಾರೇಜಿಗೆ ಆ ಕಲಮಿಲ್ಲ. ಅಲ್ಲಿ ಒಂದು ಕಾಂಟೆಸ್ಸಾ ನಿಂತಿದೆ, 1984ರಿಂದ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಆ ಉದ್ದಮೂಗಿನ ಚೆಲುವೆ. ನಾಲ್ಕು ಬಾಗಿಲಿರುವುದೇ ತೊಡಕು. ಇಳಿಜಾರನ್ನು ಬೇಗ ಶುರುಮಾಡಿದರೆ ಹಿಂಬಾಗಿಲಿನ ಚೌಕಟ್ಟಿಗೆ ತಾಗುತ್ತದೆ, ತಡಮಾಡಿದರೆ ಗೆರೆ ಕಡಿದಾಗುತ್ತದೆ. ಸದ್ಯಕ್ಕೆ ಬಾಗಿಲಿನ ಮೂಲೆಯನ್ನು ಕೊಂಚ ದುಂಡಗೆ ಮಾಡಿ, ಹಿಂದಿನ ಸೀಟನ್ನು ಎರಡು ಬೆರಳು ತಗ್ಗಿಸಿ ನೋಡುತ್ತಿದ್ದೇನೆ.